ತಿರುವಿಲ್ಲದ ದಾರಿಯಲ್ಲಿ ಒಬ್ಬರೇ

ಆಸ್ಟ್ರೇಲಿಯಾದ ನಕಾಶೆಯನ್ನು ಬಿಡಿಸಿ ಅದರ ದಕ್ಷಿಣದ ಅಂಚನ್ನು ನೋಡಿ. ಪಶ್ಚಿಮದ ನಾರ್ಸ್‌ಮನ್ ಊರಿನಿಂದ ಪೂರ್ವದ ಸೆಡೂನಾವರೆಗೆ ಸುಮಾರು 1,200 ಕಿಲೋಮೀಟರು ಹರಿದಿರುವ ರಸ್ತೆ ಐರ್ ಹೆದ್ದಾರಿಯ ಭಾಗ. ನಡುವೆ ದೊಡ್ಡ ಪಟ್ಟಣವೆಂಬುದಿಲ್ಲ. ಪೆಟ್ರೋಲು, ಊಟ, ಹಾಸಿಗೆ ದೊರೆಯುವ ರೋಡ್‌ಹೌಸ್‌ಗಳಿವೆ. ಒಂದರಿಂದ ಇನ್ನೊಂದಕ್ಕೆ ಕೆಲವೆಡೆ 180 ಕಿಲೋಮೀಟರಿಗೂ ಹೆಚ್ಚು. ಈ ದಾರಿಯಲ್ಲಿ ನೀವೊಬ್ಬರೇ ಕಾರು ಓಡಿಸಿಕೊಂಡು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ. ಉಳಿದದ್ದೆಲ್ಲ ಹೊಸದು.

ಈ ಬಯಲಿನ ಹೆಸರು ನಲ್ಲರ್‌ಬಾರ್. ಲ್ಯಾಟಿನ್ ಭಾಷೆಯಲ್ಲಿ 'ಮರವಿಲ್ಲದ್ದು' ಎಂದರ್ಥ. ಒಂದಾನೊಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಇದು ಈಗ ಅಗಾಧವಾದ ಸುಣ್ಣಕಲ್ಲಿನ ಹಾಸು. ಬೀಳುವ ಅಲ್ಪಸ್ವಲ್ಪ ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಮೇಲೆ ಹಳ್ಳವಿಲ್ಲ, ಹೊಳೆಯಿಲ್ಲ. ಆದರೆ ಹೆದ್ದಾರಿ ಬಯಲಿನ ದಕ್ಷಿಣದ ಅಂಚಿನಲ್ಲಿ ಹಾಯುವುದರಿಂದ ಕುರುಚಲು ಮರಗಳು ಸಾಕಷ್ಟು ಕಾಣುತ್ತವೆ. ಬೋಳು ಬಯಲನ್ನು ನಿರೀಕ್ಷಿಸಿ ಹೋದವರಿಗೆ ಕೊಂಚ ನಿರಾಶೆಯೇ.

ರಸ್ತೆಗೆ ಹೆಸರು ಕೊಟ್ಟ ಎಡ್ವರ್ಡ್ ಜಾನ್ ಐರ್ 1841ರಲ್ಲಿ ಈ ಕರಾವಳಿಯನ್ನು ದಾಟಿದ. ದಾರಿಯಲ್ಲಿ ಜೊತೆಗಾರ ಬ್ಯಾಕ್ಸ್‌ಟರ್ ಕೊಲೆಯಾದ. ಇಬ್ಬರು ಸಾಮಾನು ದೋಚಿಕೊಂಡು ಓಡಿಹೋದರು. ಬೆಳಗಿನ ಇಬ್ಬನಿಯನ್ನು ಸ್ಪಂಜಿನಲ್ಲಿ ಒತ್ತಿ ಹಿಂಡಿ ಕುಡಿದ ದಿನಗಳೂ ಇದ್ದವು. ಕೊನೆಯವರೆಗೆ ಜೊತೆಗಿದ್ದವನು ಮೂಲನಿವಾಸಿ ತರುಣ ವೈಲಿ. ಹೆದ್ದಾರಿಗೆ ಒಬ್ಬನದೇ ಹೆಸರು ಬಂದಿತು. ನಡೆದವರು ಇಬ್ಬರು.

ಈಗ ನಿಮ್ಮ ಕಾರಿಗೆ ಬರೋಣ. ಬಲಡೋನಿಯಾ ದಾಟಿದ ಮೇಲೆ ಕೈಗುನಾವರೆಗೆ 146.6 ಕಿಲೋಮೀಟರು ಒಂದೂ ತಿರುವಿಲ್ಲದ ನೇರ ರಸ್ತೆ. ನಿಮ್ಮ ಮುಂದೆ ಒಂದು ರೋಡ್ ಟ್ರೇನ್ ಹೋಗುತ್ತಿದೆ. ಟ್ರೇಲರುಗಳನ್ನು ಸೇರಿಸಿ ಎಳೆಯುವ ಲಾರಿ, ಉದ್ದ 36 ಮೀಟರು ಎನ್ನಿ. ಅದರ ವೇಗ ಗಂಟೆಗೆ 100 ಕಿ.ಮೀ., ನಿಮ್ಮದು 110. ಹಿಂದಿಕ್ಕಬೇಕು. ಸುಲಭವೆಂದು ತೋರುತ್ತದೆಯೇ? ಲೆಕ್ಕ ಮಾಡಿ. ಲಾರಿಯ ಉದ್ದ, ಹಿಂದೆ ಮುಂದೆ ತಲಾ 30 ಮೀಟರು ಅಂತರ, ನಿಮ್ಮ ಕಾರು, ಒಟ್ಟು ಸುಮಾರು 100 ಮೀಟರು ನೀವು ಲಾರಿಗಿಂತ ಹೆಚ್ಚು ಸಾಗಬೇಕು. ಸಾಪೇಕ್ಷ ವೇಗ ಗಂಟೆಗೆ ಬರೀ 10 ಕಿ.ಮೀ., ಅಂದರೆ ಸೆಕೆಂಡಿಗೆ 2.8 ಮೀಟರು. 36 ಸೆಕೆಂಡು ಬೇಕಾಯಿತು! ಅಷ್ಟರಲ್ಲಿ ನೀವು 1.1 ಕಿಲೋಮೀಟರು ಓಡಿರುತ್ತೀರಿ. ಎದುರಿನಿಂದ ಬರುವವನೂ ಅಷ್ಟೇ ಓಡಿರುತ್ತಾನೆ. ಆದ್ದರಿಂದ 2.2 ಕಿಲೋಮೀಟರಿಗೂ ಹೆಚ್ಚು ದೂರ ರಸ್ತೆ ಖಾಲಿ ಇರಬೇಕು. ಇದಕ್ಕೆ ಮರೀಚಿಕೆಯ ಕಾಟ ಬೇರೆ. ಕಾದ ರಸ್ತೆಯ ಮೇಲಿನ ಗಾಳಿ ವಿರಳವಾಗಿ, ಬೆಳಕು ಬಾಗಿ, ಆಕಾಶವೇ ನೀರಿನಂತೆ ಹೊಳೆಯುತ್ತದೆ. ದೂರದ ವಾಹನ ಎಲ್ಲಿದೆ ಎಂದು ತಿಳಿಯುವುದಿಲ್ಲ. ಹಗಲಿನಲ್ಲೂ ದೀಪ ಹಚ್ಚಿಕೊಂಡು ಓಡಿಸುವುದು ಇದಕ್ಕೇ.

ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಕತ್ತಲಾಗುವ ಮೊದಲೇ ನಿಲ್ಲಬೇಕು. ಎಷ್ಟು ಹೊತ್ತಿಗೆ? ಕೈಗಡಿಯಾರವನ್ನು ನಂಬಬೇಡಿ. ಭೂಮಿ ಒಂದು ಡಿಗ್ರಿ ರೇಖಾಂಶ ತಿರುಗಲು 4 ನಿಮಿಷ. ನಾರ್ಸ್‌ಮನ್‌ನಿಂದ ಸೆಡೂನಾಕ್ಕೆ ಸುಮಾರು 12 ಡಿಗ್ರಿ. ಪೂರ್ವಕ್ಕೆ ಹೊರಟವರಿಗೆ ಸೂರ್ಯ 48 ನಿಮಿಷ ಬೇಗ ಮುಳುಗಿದಂತಾಗುತ್ತದೆ. ನಡುವೆ ಯೂಕ್ಲಾದ ಸುತ್ತಮುತ್ತ ಜನ ಪರ್ತ್ ನಗರದ ಸಮಯಕ್ಕಿಂತ 45 ನಿಮಿಷ ಮುಂದಿಟ್ಟುಕೊಂಡ ತಮ್ಮದೇ ಗಡಿಯಾರವನ್ನು ಪಾಲಿಸುತ್ತಾರೆ. ಅಧಿಕೃತವಲ್ಲ, ಆದರೂ ಊಟದ ಹೊತ್ತು ಅದರಂತೆಯೇ!

ನನಗೆ ಎಲ್ಲಕ್ಕಿಂತ ಭಯವೆನಿಸುವುದು ನಿದ್ದೆ. ರಾತ್ರಿಯಿಡೀ ಸಂಕಲನದ ಕೋಣೆಯಲ್ಲಿ ಕುಳಿತು, ಕಣ್ಣು ತೆರೆದಿದ್ದರೂ ಎರಡು ಮೂರು ದೃಶ್ಯಗಳು ತಪ್ಪಿಹೋದ ಅನುಭವ ನನಗುಂಟು. ಅಲ್ಲಿ ಟೇಪನ್ನು ಹಿಂದಕ್ಕೆ ಓಡಿಸಿದರಾಯಿತು. 110ರ ವೇಗದಲ್ಲಿ ನಾಲ್ಕು ಸೆಕೆಂಡು ತೂಕಡಿಸಿದರೆ ಕಾರು 120 ಮೀಟರು ತನ್ನಿಷ್ಟದಂತೆ ಓಡಿರುತ್ತದೆ. ಪಕ್ಕದಲ್ಲಿ ತಟ್ಟಿ ಎಬ್ಬಿಸುವವರಿಲ್ಲ. ಕಿಟಕಿ ತೆರೆಯುವುದು, ಹಾಡು ಹಾಕುವುದು ಹೆಚ್ಚು ಹೊತ್ತು ಕಾಯುವುದಿಲ್ಲ. ಎರಡು ಗಂಟೆಗೊಮ್ಮೆ ಇಳಿದು ಓಡಾಡಿ. ಕಣ್ಣು ಎಳೆದರೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿಬಿಡಿ.

ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ. ಕಾರಿನಲ್ಲಿ ನೆರಳಿದೆ, ನೀವು ತುಂಬಿಸಿಟ್ಟ ನೀರಿದೆ, ಹುಡುಕುವವರ ಕಣ್ಣಿಗೆ ಅದು ಬೇಗ ಬೀಳುತ್ತದೆ. ಹಲವೆಡೆ ಮೊಬೈಲು ಸಿಗದು; ಮುಂದಿನ ತಂಗುದಾಣ ಯಾವುದು, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬುದನ್ನು ಯಾರಿಗಾದರೂ ಹೇಳಿಯೇ ಹೊರಡಿ. ಡಾಂಬರಿನ ಮೇಲೆ ಕೆಲವೆಡೆ ಬಿಳಿಯ ದಪ್ಪ ಪಟ್ಟಿಗಳನ್ನು ಕಾಣುವಿರಿ. ಅವು ವಿಮಾನಕ್ಕೆ! 1928ರಲ್ಲಿ ಜಾನ್ ಫ್ಲಿನ್ ಆರಂಭಿಸಿದ ಹಾರುವ ವೈದ್ಯರ ಸೇವೆ, ಗಾಯಾಳುಗಳನ್ನು ಒಯ್ಯಲು ಈ ರಸ್ತೆಯ ಮೇಲೆಯೇ ವಿಮಾನ ಇಳಿಸುತ್ತದೆ.

ಸೆಡೂನಾದಲ್ಲಿ ನಿಮ್ಮನ್ನು ತಡೆದು ಕಾರಿನೊಳಗೆ ಹಣ್ಣು ಹುಡುಕುತ್ತಾರೆ. ಹಣ್ಣುನೊಣ ಆಚೆಗೆ ಹರಡಬಾರದೆಂದು ಈ ಕಾವಲು. ಉಳಿದ ಕಿತ್ತಳೆಯನ್ನು ಅದಕ್ಕೆ ಮೊದಲೇ ತಿಂದು ಮುಗಿಸಿ.