ಮುಖ ಕಾಣದ ಹರಾಜು

ಮಾಗಿಯ ಚಳಿ ಹಿಂದೆಗೆಯುವ ದಿನಗಳಲ್ಲಿ ಕುರುಗೋಡಿನ ಸೀಮೆಯನ್ನು ಸುತ್ತಿ ಬಂದವರಿಗೆ ಒಂದು ದೃಶ್ಯ ಮರೆಯುವಂಥದಲ್ಲ. ಕಾಲುವೆಯ ನೀರುಂಡ ಕರಿಯ ಹೊಲಗಳ ಅಂಚಿನಲ್ಲಿ, ಕಣಗಳಲ್ಲಿ, ಕೆಲವೆಡೆ ರಸ್ತೆಯ ಬದಿಯಲ್ಲಿಯೂ ಮೆಣಸಿನಕಾಯಿಯು ಕೆಂಪು ಜಮಖಾನ ಹಾಸಿದಂತೆ ಹರಡಿಕೊಂಡಿರುತ್ತದೆ. ಗಾಳಿ ಬೀಸಿದರೆ ದಾರಿಹೋಕರಿಗೆ ಸೀನು. ಬೆಳೆದವನಿಗೆ ಮಾತ್ರ ಆ ಘಾಟೇ ಸುಗಂಧ. ಸಂಜೆಯಾಗುತ್ತಲೇ ಚೀಲಗಳ ಬಾಯಿ ಹೊಲಿದು ಲಾರಿಗೇರಿಸುತ್ತಾರೆ. ಲಾರಿಯ ಪಯಣ ಸಮೀಪದ ಬಳ್ಳಾರಿ ನಗರಕ್ಕಲ್ಲ, ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹಾವೇರಿ ಜಿಲ್ಲೆಯ ಬ್ಯಾಡಗಿಗೆ.

ಬಳ್ಳಾರಿಯಲ್ಲಿಯೇ ಮೆಣಸಿನಕಾಯಿಯ ದೊಡ್ಡ ಮಾರುಕಟ್ಟೆ ಬೇಕೆಂಬ ಬೇಡಿಕೆ ಹಳೆಯದು. ಆದರೆ ಕೊಳ್ಳುವವರು ನೆರೆದಿರುವುದು ಬ್ಯಾಡಗಿಯಲ್ಲಿ. ಕಾರದ ಪುಡಿಯ ಕಂಪೆನಿಗಳು, ಕಾಯಿಯಿಂದ ಬಣ್ಣದ ಸತ್ತ್ವ ತೆಗೆಯುವ ಕಾರ್ಖಾನೆಗಳು, ಹೊರದೇಶಕ್ಕೆ ಕಳುಹುವ ವರ್ತಕರು, ಕಾಯಿಯನ್ನು ತಿಂಗಳುಗಟ್ಟಲೆ ಕಾಪಾಡುವ ಶೀತಲಗೃಹಗಳು, ಎಲ್ಲವೂ ಅಲ್ಲಿವೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಯ ನೆರಳಿನಲ್ಲಿಯೇ 5531, 2043 ಎಂದು ಬರಿಯ ಸಂಖ್ಯೆಗಳಿಂದ ಕರೆಯಲ್ಪಡುವ ಹೈಬ್ರಿಡ್ ಕಾಯಿಗಳೂ ಮಾರಾಟವಾಗುತ್ತವೆ. ಸೋಮವಾರ, ಗುರುವಾರ ಪೇಟೆಯ ದಿನಗಳು. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲಗಳು ಬಂದು ಬೀಳುವುದುಂಟು.

ಇಷ್ಟು ದೂರ ಬಂದ ರೈತನೊಬ್ಬನನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಹೆಸರು ಯಾವುದಾದರೂ ಆಗಲಿ, ಅಂಥವರು ಸಾವಿರಾರು ಮಂದಿ. ಬೆಳಗಿನ ಜಾವಕ್ಕೆ ದಲಾಲರ ಅಂಗಡಿಯ ಮುಂದೆ ಚೀಲ ಇಳಿಸಿ, ರಾಶಿ ಮಾಡಿ, ರಾಶಿಗೊಂದು ಲಾಟ್ ಸಂಖ್ಯೆ ಪಡೆದು, ಪಕ್ಕದಲ್ಲಿ ಕಂಬಳಿ ಹಾಸಿ ಕುಳಿತಿದ್ದಾನೆ. ಖರೀದಿದಾರರು ಒಬ್ಬೊಬ್ಬರಾಗಿ ಬರುತ್ತಾರೆ. ಹಿಡಿ ಕಾಯಿ ಎತ್ತಿ ಅಂಗೈಯಲ್ಲಿ ಹಿಸುಕುತ್ತಾರೆ. ಕಿವಿಯ ಹತ್ತಿರ ಅಲುಗಿಸಿ ಬೀಜದ ಸದ್ದು ಕೇಳುತ್ತಾರೆ. ಒಂದನ್ನು ಮುರಿದು ಬಣ್ಣ ನೋಡುತ್ತಾರೆ. ಬಾಯಿಂದ ಒಂದು ಮಾತೂ ಹೊರಡದು. ಮುಂದಿನ ರಾಶಿಗೆ ನಡೆದುಬಿಡುತ್ತಾರೆ. ಅವರು ಮನಸ್ಸಿನಲ್ಲಿ ಕಟ್ಟಿದ ಬೆಲೆ ಗಣಕಯಂತ್ರಕ್ಕೋ ಕೈಯಲ್ಲಿರುವ ಮೊಬೈಲಿಗೋ ಸೇರುತ್ತದೆ. ಒಬ್ಬನು ಬರೆದದ್ದು ಮತ್ತೊಬ್ಬನಿಗೆ ಕಾಣದು. ಗೊತ್ತಾದ ವೇಳೆಗೆ ಬಾಗಿಲು ಮುಚ್ಚಿದಂತೆ ಟೆಂಡರು ಮುಚ್ಚುತ್ತದೆ. ಅತಿ ಹೆಚ್ಚಿನ ಬೆಲೆ ಬರೆದವನ ಪಾಲಿಗೆ ರಾಶಿ. ರೈತನ ಮೊಬೈಲಿಗೆ ಸಂದೇಶ ಬಂದು ಬೀಳುತ್ತದೆ.

"ಸಾವ್ಕಾರ್ರೆ, ಏನು ಬಿತ್ತು ನೋಡ್ರಿ ಸ್ವಲ್ಪ. ಕನ್ನಡಕ ಊರಾಗ ಬಿಟ್ಟು ಬಂದೀನಿ."

ದಲಾಲರು ಓದಿ ಹೇಳುತ್ತಾರೆ. ಕೆಲವು ಗಳಿಗೆ ಮೌನ.

"ಹೋದ ವಾರ ನಮ್ಮೂರವರಿಗೆ ಇದಕ್ಕಿಂತ ಚಲೋ ಬಿದ್ದಿತ್ತಲ್ರೀ?"

"ಹೋದ ವಾರದ ಮಾತು ಹೋದ ವಾರಕ್ಕೇ ಆತು, ಯಜಮಾನ್ರ. ಬ್ಯಾಡ ಅಂದ್ರ ಬ್ಯಾಡ ಅನ್ರಿ. ನಿಮ್ಮ ಮಾಲು, ನಿಮ್ಮ ಮರ್ಜಿ."

ದಲಾಲರ ಮಾತು ಸುಳ್ಳಲ್ಲ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗೆ ಉಂಟು. ಆದರೆ ಲಾರಿಯ ಬಾಡಿಗೆ ಯಾರು ಕೊಡಬೇಕು? ಮತ್ತೊಂದು ಪೇಟೆಯ ದಿನದವರೆಗೆ ರಾಶಿಯನ್ನು ಕಾಯುವವರಾರು? ಹಮಾಲರ ಕೂಲಿ, ಶೀತಲಗೃಹದ ಬಾಡಿಗೆ, ಊಟದ ಖರ್ಚು? ಎಲ್ಲಕ್ಕೂ ಮಿಗಿಲಾಗಿ, ಬಿತ್ತನೆಯ ಕಾಲದಲ್ಲಿ ಬೀಜಕ್ಕೂ ಔಷಧಕ್ಕೂ ಎಷ್ಟೋ ರೈತರು ಮುಂಗಡ ತಂದಿರುವುದು ದಲಾಲರಿಂದಲೇ. ಹಣ ಕೊಟ್ಟವರ ಅಂಗಡಿಯ ಮುಂದೆಯೇ ಕುಳಿತು "ಬೇಡ" ಎನ್ನುವುದಕ್ಕೆ ಗುಂಡಿಗೆ ಬೇಕು. ಕಾನೂನು ಕೊಟ್ಟ ಹಕ್ಕನ್ನು ಸಾಲವು ಕಿತ್ತುಕೊಳ್ಳುವುದು ಹೀಗೆ.

ಇಷ್ಟಕ್ಕೂ ಈ ಯಂತ್ರದ ಹರಾಜು ಬಂದದ್ದು ರೈತನ ಮೇಲಿನ ಕರುಣೆಯಿಂದಲೇ. ಹಿಂದೆ ಕೂಗಿ ಹರಾಜು ಹಾಕುವುದಿತ್ತು, ಚೀಟಿ ಬರೆದು ಹಾಕುವ ಗುಪ್ತ ಟೆಂಡರಿತ್ತು, ದಲಾಲರೂ ವರ್ತಕರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದೂ ಇತ್ತು. ದನದ ಸಂತೆಯಲ್ಲಂತೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ಪದ್ಧತಿ. ಹತ್ತಿರ ನಿಂತವನಿಗೂ ಎಷ್ಟಕ್ಕೆ ಕುದುರಿತೆಂಬುದು ತಿಳಿಯದು. ಕೃಷಿ ಉತ್ಪನ್ನ ಮಾರುಕಟ್ಟೆಗಳಿಗೆ 1966ರ ಕಾಯಿದೆಯ ಚೌಕಟ್ಟು ಬಂದರೂ ಒಳಗಿನ ಪಿಸುಮಾತು ನಿಲ್ಲಲಿಲ್ಲ. ಕರ್ನಾಟಕ ಸರ್ಕಾರವು ಖಾಸಗಿ ವಿನಿಮಯ ಸಂಸ್ಥೆಯೊಂದರೊಡನೆ ಸಮಪಾಲಿನಲ್ಲಿ ಕೂಡಿ 'ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್' ಎಂಬ ಕಂಪೆನಿಯನ್ನು ಸ್ಥಾಪಿಸಿ, 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಭಾರತ ಸರ್ಕಾರದ 'ಇ-ನಾಮ್' ಬಂದದ್ದು ಎರಡು ವರ್ಷಗಳ ಅನಂತರ, 2016ರ ಏಪ್ರಿಲ್ 14ರಂದು. ಹಾಗಾಗಿ ದೇಶಕ್ಕೇ ದಾರಿ ತೋರಿದ ಹೆಮ್ಮೆ ಕನ್ನಡನಾಡಿನದು.

ಫಲ ದೊರೆಯಲಿಲ್ಲವೆನ್ನುವಂತಿಲ್ಲ. ಅಮೆರಿಕದ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ವಾಂಸರನ್ನು ಒಳಗೊಂಡ ತಂಡವೊಂದು ಈ ವೇದಿಕೆಯ ಲೆಕ್ಕಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿತು. ಭತ್ತದ ಬೆಲೆ ಸರಾಸರಿ ಶೇಕಡ 5.1, ಶೇಂಗಾದ ಬೆಲೆ 3.6, ಮೆಕ್ಕೆಜೋಳದ ಬೆಲೆ 3.5ರಷ್ಟು ಏರಿತೆಂದೂ, ಹತ್ತಿ, ತೊಗರಿ, ಹೆಸರುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದೂ ಅವರು ತಿಳಿಸಿದರು. ಭತ್ತ, ಶೇಂಗಾ, ಹತ್ತಿ ಮೂರೂ ಬಳ್ಳಾರಿ ಸೀಮೆಯ ಬೆಳೆಗಳೇ. ಭತ್ತಕ್ಕೆ ಐದು ರೂಪಾಯಿ ನಕ್ಕು, ಹತ್ತಿಗೆ ಮುಖ ತಿರುವಿಕೊಂಡ ಯಂತ್ರವೆಂದು ಯಾರಾದರೂ ಹಾಸ್ಯ ಮಾಡಿದರೆ ಕೋಪಿಸಿಕೊಳ್ಳುವಂತಿಲ್ಲ.

ಕೊಳ್ಳುವವರ ಗೋಳೂ ಬೇರೆಯೇ ಇದೆ. ನೂರಾರು ರಾಶಿಗಳನ್ನು ಕೆಲವೇ ಗಂಟೆಗಳಲ್ಲಿ ನೋಡಿ ಒಂದೊಂದಕ್ಕೂ ಬೆಲೆ ಬರೆಯಬೇಕು. ಅವಸರದಲ್ಲಿ ಸೊನ್ನೆಯೊಂದು ಹೆಚ್ಚು ಬಿದ್ದರೆ ಪಜೀತಿ. ಬಿಟ್ಟುಹೋದರೆ ಒಳ್ಳೆಯ ಮಾಲು ಕೈತಪ್ಪಿತು. ಸುಗ್ಗಿಯ ನಡುಹಗಲಿನಲ್ಲಿ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುವಾಗ 'ಸರ್ವರ್' ನಿಧಾನವಾದರೆ ತೂಕವೂ ನಿಧಾನ, ಲಾರಿಯೂ ನಿಧಾನ, ಎಲ್ಲರ ಸಿಟ್ಟು ಮಾತ್ರ ಶೀಘ್ರ. ರಾಶಿಯ ಮೇಲೆ ಮಿರಿಮಿರಿ ಮಿಂಚುವ ಕಾಯಿ, ತಳದಲ್ಲಿ ಬಿಳುಚಿದ ಕಾಯಿ ಇದ್ದರೆ? ತೂಕ ಬರಲೆಂದು ರಾತ್ರಿ ನೀರು ಚಿಮುಕಿಸಿದ್ದರೆ? ಒದ್ದೆ ಕಾಯಿ ಗೋದಾಮಿನಲ್ಲಿ ಬೂಸ್ಟು ಹಿಡಿದು ಪಕ್ಕದ ಚೀಲವನ್ನೂ ಕೆಡಿಸುತ್ತದೆ. ಒಬ್ಬರ ಕಳ್ಳತನಕ್ಕಾಗಿ ಖರೀದಿದಾರನು ಎಲ್ಲರ ರಾಶಿಗೂ ಸ್ವಲ್ಪ ಕಡಿಮೆ ಬರೆಯುತ್ತಾನೆ. ಪ್ರಾಮಾಣಿಕನು ತೆರುವ ದಂಡ ಇದು. ಹಾಗೆಯೇ ಟೆಂಡರಿನಲ್ಲಿ ಮೇಲುಬೆಲೆ ಬರೆದು, ತೂಕದ ವೇಳೆಗೆ "ಹಸಿ ಐತಿ" ಎಂದು ಚೌಕಾಸಿ ಹೂಡುವವರೂ, ಕ್ವಿಂಟಲಿಗೆ ಇಷ್ಟೆಂದು 'ಸೂಟು' ಹಿಡಿಯುವವರೂ ಇಲ್ಲದಿಲ್ಲ. ದಲಾಲಿಯನ್ನು ಕೊಳ್ಳುವವನಿಂದಲೇ ಪಡೆಯಬೇಕು, ರೈತನಿಂದ ಮುರಿದುಕೊಳ್ಳಬಾರದೆಂಬುದು ನಿಯಮ. ಆದರೂ ಬಿಳಿ ಚೀಟಿಯ ವ್ಯವಹಾರ ಕುರಿತ ದೂರುಗಳು ನಿಂತಿಲ್ಲ.

ತೆರೆಯ ಮೇಲೆ ಬೆಲೆಯುಂಟು. ಬೆಲೆ ಬರೆದವನ ನಡತೆ ಇಲ್ಲ. ಮಾರಿದವನ ನಡತೆಯೂ ಇಲ್ಲ. ಕೊರತೆ ಇಲ್ಲಿಯೇ.

ಪಟ್ಟಣದ ಮನೆಗಳಲ್ಲಿ ಈ ಮಾತು ವಿಚಿತ್ರವಾಗಿ ತೋರಬಹುದು. ಬಳ್ಳಾರಿಯ ಗೃಹಿಣಿಯೊಬ್ಬಳು ಮಿಕ್ಸರಿನ ಜಾಡಿಯೊಂದನ್ನು ಅಂತರ್ಜಾಲದಲ್ಲಿ ತರಿಸಿಕೊಂಡರೆ ಪೆಟ್ಟಿಗೆ ಒಡೆಯುವ ಮೊದಲೇ "ಎಷ್ಟು ನಕ್ಷತ್ರ ಕೊಡುವಿರಿ?" ಎಂಬ ಪ್ರಶ್ನೆ ಬಂದಿರುತ್ತದೆ. ಮುಚ್ಚಳ ಸಡಿಲವಾದರೆ ಒಂದೇ ನಕ್ಷತ್ರ ಕೊಟ್ಟು ನಾಲ್ಕು ಮಾತು ಬರೆದು ಹಗುರಾಗುತ್ತಾಳೆ. ಅದೇ ಮನೆಯ ಹಿರಿಯರು ಹಳ್ಳಿಯಲ್ಲಿ ವರ್ಷದ ಬೆಳೆಯನ್ನೇ ಮಾರಿದರೂ ಅವರನ್ನು ಕೇಳುವವರಿಲ್ಲ.

ಈ ನಕ್ಷತ್ರಗಳ ಪದ್ಧತಿಗೂ ಹರಾಜಿಗೂ ಹಳೆಯ ನಂಟು. 1995ರಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ಎಂಬ ತರುಣನು ಅಂತರ್ಜಾಲದಲ್ಲಿ ಹರಾಜುಕಟ್ಟೆಯೊಂದನ್ನು ತೆರೆದನು. ಮುಂದೆ 'ಇ-ಬೇ' ಎಂದು ಪ್ರಖ್ಯಾತವಾದದ್ದು ಅದೇ. ಅಲ್ಲಿ ಮೊಟ್ಟಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ದೀಪ, 14 ಡಾಲರ್ 83 ಸೆಂಟಿಗೆ! ಮುಖ ಕಾಣದವರ ನಡುವೆ ನಂಬಿಕೆ ಹುಟ್ಟಿಸಲೆಂದು 1996ರಲ್ಲಿ ಮಾರಿದವರೂ ಕೊಂಡವರೂ ಪರಸ್ಪರ ಅಭಿಪ್ರಾಯ ಬರೆಯುವ ಏರ್ಪಾಡಾಯಿತು. ಆದದ್ದೇನು? ಕೊಂಡವನು ದೂರು ಬರೆದರೆ ಮಾರಿದವನು ಸೇಡಿಗಾಗಿ ಪ್ರತಿದೂರು ಬರೆದನು. ಭಯಪಟ್ಟ ಗಿರಾಕಿಗಳು ಸುಳ್ಳು ಹೊಗಳಿಕೆಗೆ ಇಳಿದರು. ಕೊನೆಗೆ 2008ರಲ್ಲಿ ಮಾರುವವರು ಕೊಂಡವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಷೇಧಿಸಲಾಯಿತು. ಹಣ ಕೊಡದೆ ಕಾಡುವ ಗಿರಾಕಿಗಳ ಮುಂದೆ ಮಾರುವವರು ಬಾಯಿ ಕಟ್ಟಿಸಿಕೊಂಡಂತಾಯಿತು. ಭಾರತದಲ್ಲಿ 2000ದಲ್ಲಿ ಹುಟ್ಟಿದ 'ಬಾಜಿ' ಎಂಬ ಹರಾಜುತಾಣವನ್ನು ಇ-ಬೇ 2004ರಲ್ಲಿ ಸುಮಾರು ಐದು ಕೋಟಿ ಡಾಲರಿಗೆ ಕೊಂಡಿತು. ಇ-ಬೇಯ ಭಾರತದ ಅಂಗಡಿ 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ನಕ್ಷತ್ರ ಬರೆಸಿದ ಮಾತ್ರಕ್ಕೆ ನ್ಯಾಯ ಸಿಕ್ಕಿಬಿಡುವುದೆಂದು ಭಾವಿಸುವವರು ಈ ಕಥೆಯನ್ನು ಓದಿಕೊಳ್ಳಬೇಕು.

ಹಾಗಾದರೆ ಪೇಟೆಯಲ್ಲಿ ಯಾರ ನಡತೆ ಎಂಥದೆಂಬ ಲೆಕ್ಕ ಎಲ್ಲಿದೆ? ದಲಾಲರ ನೆನಪಿನಲ್ಲಿ. ಯಾವ ಖರೀದಿದಾರ ಹಣ ಸತಾಯಿಸುತ್ತಾನೆ, ಯಾವ ಊರಿನ ಯಾವ ಮನೆತನದ ರಾಶಿಯ ತಳವೂ ಮೇಲಿನಂತೆಯೇ ಇರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಆ ಪುಸ್ತಕವನ್ನು ಮತ್ತೊಬ್ಬರು ಓದುವಂತಿಲ್ಲ. ಅದನ್ನು ಇಟ್ಟುಕೊಂಡವರೇ ಸಾಲಿಗರೂ ಆಗಿರುವಾಗ, ಬೇಕಾದ ಪುಟವನ್ನು ಬೇಕಾದಾಗ ತೆರೆಯುವ ಸ್ವಾತಂತ್ರ್ಯ ಅವರದು.

ತುಂಗಭದ್ರೆಯ ದಡದ ಸಿರುಗುಪ್ಪದಲ್ಲಿ ಇನ್ನೊಂದು ಬಗೆ. 1953ರಲ್ಲಿ ಅಣೆಕಟ್ಟು ಮುಗಿದು ಕಾಲುವೆ ಹರಿದ ಮೇಲೆ ಅಲ್ಲಿ ಭತ್ತವೇ ಭತ್ತ, ಅಕ್ಕಿಯ ಗಿರಣಿಗಳ ಸಾಲು. ಆದರೆ ಬಹಳಷ್ಟು ಭತ್ತ ಮಾರುಕಟ್ಟೆಯ ಅಂಗಳವನ್ನೇ ತುಳಿಯದೆ ಕೊಯ್ಲಿನ ಯಂತ್ರದಿಂದ ನೇರವಾಗಿ ಲಾರಿಗೆ ಬೀಳುತ್ತದೆ. ಹಸಿ ಭತ್ತವನ್ನು ಒಣಗಿಸಲು ಜಾಗವಿಲ್ಲ, ಮೋಡ ಕವಿದರೆ ಕಾಯುವ ಧೈರ್ಯವಿಲ್ಲ. ಕೊಂಡವನು ಇಷ್ಟು ದಿನಕ್ಕೆ ಹಣವೆಂದು ವಾಯಿದೆ ಹೇಳಿ ಹೋಗುತ್ತಾನೆ. ಹೇಳಿದಂತೆ ಬಂದರೆ ಸರಿ. ಬಾರದಿದ್ದರೆ ತೋರಿಸಲು ರೈತನಲ್ಲಿ ರಸೀದಿಯೂ ಇಲ್ಲ, ಯಂತ್ರದಲ್ಲಿ ದಾಖಲೆಯೂ ಇಲ್ಲ. ಹೊರಗಿನಿಂದ ಬಂದು ಉದ್ರಿ ಎತ್ತಿ ಕಣ್ಮರೆಯಾದ ವ್ಯಾಪಾರಿಗಳ ಕಥೆ ಭತ್ತದ ಸೀಮೆಗೆ ಹೊಸತಲ್ಲ. ಯಂತ್ರದ ಹರಾಜನ್ನು ಬೈಯುವವರು ಈ ಕಡೆಯನ್ನೂ ನೋಡಬೇಕು; ಅಂಗಳದಲ್ಲಿ ಕಡೆಗೆ ಒಂದು ಲಾಟ್ ಸಂಖ್ಯೆಯಾದರೂ ಉಳಿಯುತ್ತದೆ.

ರೈತರಿಗಷ್ಟೇ ಈ ಕಾಟವೆಂದು ತಿಳಿಯಬೇಕಾಗಿಲ್ಲ. ಬಳ್ಳಾರಿಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ತಡೆದ ಬಳಿಕ, ಕಬ್ಬಿಣದ ಅದಿರೂ ಉಸ್ತುವಾರಿ ಸಮಿತಿಯ ಕಣ್ಣಳತೆಯಲ್ಲಿ ಇ-ಹರಾಜಿನಿಂದಲೇ ಮಾರಾಟವಾಗಬೇಕಾಯಿತು. ಹರಾಜಿಗಿಟ್ಟ ಅದಿರಿಗೆ ಸಾಕಷ್ಟು ಗಿರಾಕಿಗಳಿಲ್ಲವೆಂದು ಗಣಿಯವರು ಮೊರೆಯಿಟ್ಟರು. 2022ರ ಮೇ 20ರಂದು ನ್ಯಾಯಾಲಯವು ಆ ಕಟ್ಟನ್ನು ಸಡಿಲಿಸಿ ನೇರ ಮಾರಾಟಕ್ಕೂ ರಫ್ತಿಗೂ ಅನುಮತಿಯಿತ್ತಿತು. ಗಣಿಯವರಿಗೆ ದಿಲ್ಲಿಯ ವಕೀಲರಿದ್ದರು.

ಮೆಣಸಿನಕಾಯಿಯವರಿಗೆ ಅಂಥ ದಾರಿಯಿಲ್ಲ. 2024ರ ಮಾರ್ಚ್ 11, ಸೋಮವಾರ, ಬ್ಯಾಡಗಿಯಲ್ಲಿ ಬೆಲೆ ಹಠಾತ್ತನೆ ಕುಸಿಯಿತು. ಹಿಂದಿನ ವಾರದ ಬೆಲೆಯನ್ನು ನೆಚ್ಚಿ ಬಂದವರು ತೆರೆಯ ಮೇಲಿನ ಅಂಕೆ ನೋಡಿ ಕೆರಳಿದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು, ವಾಹನಗಳು ಸುಟ್ಟವು. ನಂದಿಸಲು ಬಂದ ವಾಹನವನ್ನೂ ಬೆಂಕಿ ಬಿಡಲಿಲ್ಲ. ಆ ಕೃತ್ಯವನ್ನು ಯಾರೂ ಸಮರ್ಥಿಸಲಾರರು. ಆದರೆ ಕೂಗಿ ಹರಾಜು ಹಾಕುವ ಕಾಲದಲ್ಲಿ ಬೆಲೆ ಇಳಿಸಿದವನು ಎದುರಿಗೆ ನಿಂತಿರುತ್ತಿದ್ದನು. ಅವನೊಡನೆ ಜಗಳವಾಡಬಹುದಿತ್ತು, ಕೈಹಿಡಿದು ಬೇಡಬಹುದಿತ್ತು. ಅಂದು ಎದುರಿಗಿದ್ದದ್ದು ಕಟ್ಟಡವೊಂದೇ.

ನಮ್ಮ ಕುರುಗೋಡಿನ ರೈತನ ಮಾತು ಅರ್ಧಕ್ಕೇ ನಿಂತಿತ್ತು. ಅವನು ಬಹಳ ಹೊತ್ತು ಯೋಚಿಸಿ ಎರಡು ರಾಶಿಗಳಲ್ಲಿ ಒಂದಕ್ಕೆ ಒಪ್ಪಿಗೆ ಕೊಡುತ್ತಾನೆ, ಲಾರಿಯ ಬಾಡಿಗೆಗೂ ಮುಂಗಡದ ಒಂದು ಕಂತಿಗೂ ಆಗುವಷ್ಟು. ಇನ್ನೊಂದನ್ನು ಶೀತಲಗೃಹಕ್ಕೆ ಹಾಕಿಸುತ್ತಾನೆ.

"ಗುರುವಾರ ಏನಾಗ್ತದ ನೋಡೂಣು ಬಿಡ್ರಿ," ಎನ್ನುತ್ತಾರೆ ದಲಾಲರು.

"ನೋಡೂಣು. ಆದ್ರ ಸಾವ್ಕಾರ್ರೆ, ಇವತ್ತು ತಗೊಂಡಾವರು ಯಾರಂತ ಒಂದೀಟು ಹೇಳ್ರಿ. ಹೋದ ವರ್ಷ ಹಸಿ ಐತಿ ಅಂತ ಸೂಟು ಹಿಡಿದವರೇ ಏನು?"

ದಲಾಲರು ಪಟ್ಟಿ ಬರೆಯುವುದರಲ್ಲಿ ಮಗ್ನರಾಗಿದ್ದಾರೆ. ಹಮಾಲರು ತಕ್ಕಡಿಯ ಕಡೆಗೆ ಮೊದಲ ಚೀಲವನ್ನು ಎತ್ತಿದ್ದಾರೆ.