ಮೊದಲನೆಯ ಆಟವೂ ಎರಡನೆಯದೂ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ನೇಕಾರ ಕುಟುಂಬಗಳಲ್ಲಿಯೂ ಈಗ ಮಕ್ಕಳು ಗಣಕಯಂತ್ರದ ಆಟಗಳಲ್ಲಿ ಮಗ್ನರಾಗಿರುವುದುಂಟು. ಅವುಗಳಲ್ಲಿಯೂ ಕಥನಕಲೆಯಿದೆ ಎಂಬುದಕ್ಕೆ ಕೆನಡಾ ದೇಶದ ಬಯೋವೇರ್ ಸಂಸ್ಥೆಯ ‘ಡ್ರ್ಯಾಗನ್ ಏಜ್’ ಮಾಲೆಯ ಮೊದಲೆರಡು ಆಟಗಳನ್ನು ನಿದರ್ಶನವಾಗಿ ಎತ್ತಿಕೊಳ್ಳುತ್ತೇವೆ.

2009ರ ಮೊದಲನೆಯದರಲ್ಲಿ ಆಡುವವನು ಮಾನವನಾಗಬಹುದು, ಕುಬ್ಜನಾಗಬಹುದು, ಎಲ್ಫ್ ಎಂಬ ಚೂಪುಗಿವಿಯ ಜನಾಂಗದವನಾಗಬಹುದು. ಕಥೆಗೆ ಆರು ಬಗೆಯ ಆರಂಭಗಳುಂಟು. ಫೆರೆಲ್ಡನ್ ಎಂಬ ಕಲ್ಪಿತ ನಾಡನ್ನೆಲ್ಲ ಸುತ್ತಿ ಸೈನ್ಯ ಕೂಡಿಸಬೇಕು. 2011ರ ಎರಡನೆಯದರಲ್ಲಾದರೋ ಕಥಾನಾಯಕ ಮಾನವನೇ. ಕಥೆ ಬಹುಮಟ್ಟಿಗೆ ಕರ್ಕ್‌ವಾಲ್ ಎಂಬ ಒಂದೇ ಪಟ್ಟಣದೊಳಗೆ ವರ್ಷಾನುಗಟ್ಟಲೆ ನಡೆಯುತ್ತದೆ. ನಿರಾಶ್ರಿತನಾಗಿ ಬಂದವನು ಪರಸ್ಥಳದಲ್ಲಿ ಬೇರೂರಿ ಅಲ್ಲಿಯ ಗಣ್ಯನಾಗುವ ಈ ವೃತ್ತಾಂತವು, ಹಿಂದೆ ಕನ್ನಡ ನಾಡಿನಿಂದ ವಲಸೆ ಬಂದವರ ಪೀಳಿಗೆಯವರಾದ ನಮಗೆ, ಮೊದಲನೆಯದಕ್ಕಿಂತ ಹತ್ತಿರವಾಗಿ ತೋರಿತು.

ಆದರೆ ಎರಡರ ನಡುವಣ ಅವಧಿ ಕೇವಲ 16 ತಿಂಗಳು. ಅವಸರದ ಗುರುತು ಎದ್ದು ಕಾಣುತ್ತದೆ: ಅದೇ ಗವಿ, ಅದೇ ನೆಲಮಾಳಿಗೆ ಬೇರೆ ಬೇರೆ ಸ್ಥಳಗಳೆಂಬ ನೆಪದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಅಂಚನ್ನು ಹಾಗೆಯೇ ಇಟ್ಟು ಬಣ್ಣವನ್ನಷ್ಟೇ ಬದಲಿಸಿದ ಸೀರೆಯನ್ನು ಹೊಸ ವಿನ್ಯಾಸವೆಂದು ನಮ್ಮ ಗಿರಾಕಿಗಳು ಒಪ್ಪಿಯಾರೆ?

2014ರ ಮೂರನೆಯ ಆಟದಲ್ಲಿ ನಿರ್ಮಾಪಕರು ಮತ್ತೆ ವಿಶಾಲ ಪ್ರದೇಶಗಳಿಗೆ ಮರಳಿದರು. ಕರ್ಕ್‌ವಾಲಿನ ಕಥೆಯನ್ನು ಹೇಳಿದ ಕುಬ್ಜ ವ್ಯಾರಿಕ್‌ನನ್ನು ಮಾತ್ರ ಬಿಡದೆ ಜೊತೆಗೆ ಕರೆದೊಯ್ದರು.