ಕನಸು ಕಾಣುವ ಮುಖ: ಗೆರೆ ಮತ್ತು ಬೆಳಕಿನ ಸ್ವಭಾವಚಿತ್ರ

ಮನುಷ್ಯನು ಲೋಕದಲ್ಲಿರುವ ಎಲ್ಲರ ಮುಖವನ್ನೂ ನೇರವಾಗಿ ಕಾಣಬಲ್ಲನು. ತನ್ನ ಮುಖವನ್ನು ಮಾತ್ರ ಕಾಣಲಾರನು. ಅದಕ್ಕೆ ಕನ್ನಡಿ ಬೇಕು, ಛಾಯಾಚಿತ್ರ ಬೇಕು, ಇಲ್ಲವೇ ಎದುರಿಗಿರುವವರ ಮಾತು ಬೇಕು. ಹೊರಗಿನ ಮುಖದ ಪಾಡೇ ಹೀಗಿರುವಾಗ ನಿದ್ರೆಯಲ್ಲಿ ಮಾತ್ರ ತೆರೆದುಕೊಳ್ಳುವ ಒಳಗಿನ ಮುಖವನ್ನು ಕಾಣುವುದು ಇನ್ನೆಷ್ಟು ಕಷ್ಟ!

ಈ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ನಮ್ಮ ಕಥೋಲಿಕ ಕುಟುಂಬಗಳ ಕೆಲವು ಮಕ್ಕಳು ಬೇಸಿಗೆ ರಜೆಯಲ್ಲಿ ಒಂದು ಕೆಲಸಕ್ಕೆ ಕೈ ಹಾಕಿದರು. ತಮ್ಮ ಛಾಯಾಚಿತ್ರಗಳ ಮೇಲೆ ತಾವೇ ಗೆರೆ ಎಳೆದು, ತಾವು ಕಂಡ ಕನಸೊಂದನ್ನು ಚಲಿಸುವ ಚಿತ್ರವನ್ನಾಗಿ ಮಾಡುವುದೇ ಆ ಕೆಲಸ. ಭಾನುವಾರದ ಬಲಿಪೂಜೆಯ ಅನಂತರ ತಂದೆತಾಯಂದಿರು ನಮ್ಮನ್ನು ಕೇಳಿದ ಪ್ರಶ್ನೆ ಸಹಜವಾದದ್ದೇ: “ಫಾದರ್, ದಿನವಿಡೀ ಮೊಬೈಲಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುವ ಮಕ್ಕಳಿಗೆ ಇದೊಂದು ಹೊಸ ನೆಪವಲ್ಲವೇ?” ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಮೊದಲು ಹೆಸರಿನ ವಿಚಾರ. ‘ಸ್ವ-ಭಾವಚಿತ್ರ’ ಎಂದು ಬಿಡಿಸಿ ಓದಿದರೆ ತನ್ನ ಮುಖದ ಚಿತ್ರ ಎಂದಾಗುತ್ತದೆ. ‘ಸ್ವಭಾವ-ಚಿತ್ರ’ ಎಂದು ಓದಿದರೆ ತನ್ನ ಗುಣದ ಚಿತ್ರ ಎಂದಾಗುತ್ತದೆ. ನಮ್ಮ ಸೀಮೆಯ ಹಿರಿಯರು ಈ ಎರಡನೆಯ ಅರ್ಥವನ್ನು ಚೆನ್ನಾಗಿ ಬಲ್ಲವರಾಗಿದ್ದರು. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿರುವ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ಊರು. ಅನೇಕ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಚೌಡಯ್ಯನವರು ತಮ್ಮ ಹೆಸರನ್ನೂ ತಮ್ಮ ಕಾಯಕವನ್ನೂ ಅಂಕಿತವಾಗಿಸಿಕೊಂಡರು. ದೋಣಿ ನಡೆಸುವವನೊಬ್ಬನು ಪ್ರತಿ ವಚನದ ಕೊನೆಯಲ್ಲಿ ತನ್ನನ್ನೇ ನಿಲ್ಲಿಸಿಕೊಂಡ ಬಗೆ ಅದು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರ ಬಾಳಿನ ದಾರಿಯನ್ನು ಕನಸೇ ಬದಲಿಸಿತೆಂಬ ಪ್ರತೀತಿ ಇಂದಿಗೂ ಜನರ ನಾಲಗೆಯ ಮೇಲಿದೆ. ಆದುದರಿಂದ ತನ್ನನ್ನು ತಾನು ಚಿತ್ರಿಸಿಕೊಳ್ಳುವುದೂ ಕನಸಿಗೆ ಬೆಲೆ ಕೊಡುವುದೂ ಈ ಮಣ್ಣಿಗೆ ಪರಕೀಯವಲ್ಲ.

ಛಾಯಾಚಿತ್ರದೊಂದಿಗೆ ಕೈಬರಹದ ಚಿತ್ರವನ್ನು ಬೆರೆಸುವುದೂ ಹೊಸತಲ್ಲ. ನಮ್ಮ ಮನೆಗಳ ಗೋಡೆಯ ಮೇಲಿರುವ ಅಜ್ಜ ಅಜ್ಜಿಯರ ಮದುವೆಯ ಪಟಗಳನ್ನು ಗಮನಿಸಿ ನೋಡಬೇಕು. ಹಿಂದೆ ಇರುವ ಸರೋವರ, ಮೆಟ್ಟಿಲು, ಕಂಬಗಳು ಸ್ಟುಡಿಯೋದ ಪರದೆಯ ಮೇಲೆ ಬಣ್ಣದಲ್ಲಿ ಬರೆದವು. ಕಪ್ಪು ಬಿಳುಪು ಪಟದ ಸೀರೆಯ ಅಂಚಿಗೂ ತುಟಿಗೂ ಕುಂಚದಿಂದ ತೆಳುವಾಗಿ ಬಣ್ಣ ಹಚ್ಚಿದ್ದೂ ಉಂಟು. ಯಂತ್ರವು ಕಂಡದ್ದು ಅಷ್ಟು. ಮನಸ್ಸು ಬಯಸಿದ್ದು ಇಷ್ಟು. ಎರಡೂ ಒಂದೇ ಚೌಕಟ್ಟಿನಲ್ಲಿ ಸೇರಿದ್ದವು.

ಈ ಮನೆಮಾತಿನ ಕಲೆಯನ್ನೇ ಗಂಭೀರ ಪ್ರಶ್ನೆಯಾಗಿ ಬೆಳೆಸಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು. 1956ರಲ್ಲಿ ಜನಿಸಿದ ಇವರು ಬರೋಡಾದಲ್ಲಿ ಶಿಲ್ಪಕಲೆಯನ್ನು ಕಲಿತು, 1990ರ ದಶಕದ ನಡುವಿನಲ್ಲಿ ಛಾಯಾಚಿತ್ರದ ಕಡೆ ಹೊರಳಿದರು. ತಮ್ಮ ಚಿತ್ರಗಳಲ್ಲಿ ತಾವೇ ಪಾತ್ರವಾಗಿ ನಿಲ್ಲುವುದು ಇವರ ಕ್ರಮ. 1998ರ ಇವರ ಚಿತ್ರಮಾಲೆಯ ಹೆಸರೇ ‘ಸುನಹರೆ ಸಪ್ನೆ’, ಅಂದರೆ ಬಂಗಾರದ ಕನಸುಗಳು. ಕೈಯಿಂದ ಬಣ್ಣ ಹಚ್ಚಿದ ಆ ಕಪ್ಪು ಬಿಳುಪು ಪಟಗಳಲ್ಲಿ ಒಬ್ಬ ಸಾಮಾನ್ಯ ಗೃಹಿಣಿಯೂ ಆಕೆಯ ಕನಸಿನ ಇನ್ನೊಂದು ರೂಪವೂ ಕಾಣಿಸಿಕೊಳ್ಳುತ್ತವೆ. ಎರಡೂ ಪಾತ್ರಗಳಲ್ಲಿ ಇರುವವರು ಕಲಾವಿದೆಯೇ. ಮುಂದೆ 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ಸೇರಿ ದಕ್ಷಿಣ ಭಾರತದ ಸ್ತ್ರೀಯರ ಕುರಿತಾದ ಚಿತ್ರಮಾಲೆಯನ್ನು ರೂಪಿಸಿದರು. ನಮ್ಮ ಮಕ್ಕಳು ಮಾಡಹೊರಟದ್ದಕ್ಕೆ ನಮ್ಮ ನಾಡಿನಲ್ಲಿಯೇ ಇಂತಹ ಹಿರಿಯ ಮಾದರಿಯಿದೆ.

ಇನ್ನು ಚಲನೆಯ ಮಾತು. ಅಮೆರಿಕದ ವಿನ್ಸರ್ ಮೆಕೇ ಎಂಬ ಪತ್ರಿಕಾ ಚಿತ್ರಕಾರನು ಪ್ರತಿ ರಾತ್ರಿ ಕನಸಿನ ನಾಡಿಗೆ ಹೋಗಿಬರುವ ಬಾಲಕನೊಬ್ಬನ ಚಿತ್ರಕಥೆಯನ್ನು 1905ರಿಂದ ಬರೆಯುತ್ತಿದ್ದನು. 1911ರಲ್ಲಿ ಆ ಪಾತ್ರಗಳನ್ನು ಸುಮಾರು 4,000 ಚಿತ್ರಗಳ ಮೂಲಕ ತೆರೆಯ ಮೇಲೆ ಚಲಿಸುವಂತೆ ಮಾಡಿದನು. ಆ ಚಲನಚಿತ್ರದಲ್ಲಿ ಮೆಕೇ ಸ್ವತಃ ಕ್ಯಾಮೆರಾದ ಎದುರು ಕುಳಿತು ಬರೆಯುವುದನ್ನೂ ಕಾಣಬಹುದು. ಛಾಯಾಚಿತ್ರ, ರೇಖೆ, ಕನಸು ಮತ್ತು ಕಲಾವಿದನ ಮುಖ, ಈ ನಾಲ್ಕೂ ಅಂದೇ ಒಂದೆಡೆ ಸೇರಿದ್ದವು. ನಮ್ಮ ದೇಶದಲ್ಲಿ ಛಾಯಾಗ್ರಾಹಕರೂ ಆಗಿದ್ದ ದಾದಾಸಾಹೇಬ್ ಫಾಲ್ಕೆಯವರು 1915ರ ಹೊತ್ತಿಗೆ ಬೆಂಕಿಕಡ್ಡಿಗಳನ್ನು ಸ್ವಲ್ಪಸ್ವಲ್ಪವೇ ಸರಿಸಿ ಒಂದೊಂದು ಚಿತ್ರ ತೆಗೆದು ಅವು ತಾವಾಗಿ ಆಡುವಂತೆ ತೋರಿಸಿದರು. ದಕ್ಷಿಣ ಆಫ್ರಿಕದ ವಿಲಿಯಂ ಕೆಂಟ್ರಿಜ್ ಅವರು 1989ರಿಂದ ಇದ್ದಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಪ್ರತಿ ಹಂತವನ್ನೂ ಕ್ಯಾಮೆರಾದಲ್ಲಿ ಹಿಡಿದು ಚಲನಚಿತ್ರಗಳನ್ನು ಮಾಡುತ್ತ ಬಂದಿದ್ದಾರೆ. ಎಷ್ಟು ಅಳಿಸಿದರೂ ಹಳೆಯ ಗೆರೆಯ ಮಸಿ ಕಾಗದದ ಮೇಲೆ ಉಳಿಯುತ್ತದೆ. ಅವರು ಅದನ್ನು ಮರೆಮಾಚುವುದಿಲ್ಲ.

ಮಕ್ಕಳು ಅನುಸರಿಸಿದ ಕ್ರಮವು ಸರಳವಾದದ್ದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಬಾರಿ ತೋರಿಸಿದರೆ 12 ಸಾಕು. ಕಲಿಯುವವರಿಗೆ ಎಂಟಾದರೂ ಆದೀತು. ಹತ್ತು ಸೆಕೆಂಡಿನ ಚಿತ್ರಕ್ಕೆ 80 ಚಿತ್ರಗಳು. ಒಂದು ಹಾಳೆಯಲ್ಲಿ ನಾಲ್ಕರಂತೆ ಮುದ್ರಿಸಿದರೆ 20 ಹಾಳೆಗಳು. ಮೊದಲು ಮೊಬೈಲನ್ನು ಅಲುಗದಂತೆ ನಿಲ್ಲಿಸಿ ತಮ್ಮ ಮುಖದ ಹತ್ತು ಸೆಕೆಂಡಿನ ದೃಶ್ಯವನ್ನು ತೆಗೆದುಕೊಳ್ಳುತ್ತಾರೆ. ಅದರಿಂದ ಬೇಕಾದ ಪಟಗಳನ್ನು ಆರಿಸಿ ಮುದ್ರಿಸುತ್ತಾರೆ. ಹಗಲಿನಲ್ಲಿ ಕಿಟಕಿಯ ಗಾಜಿಗೆ ಪಟವನ್ನು ಅಂಟಿಸಿ ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟರೆ ಬೆಳಕು ಹಿಂದಿನಿಂದ ಬಂದು ಗೆರೆ ಎಳೆಯಲು ಅನುಕೂಲವಾಗುತ್ತದೆ. ಎಚ್ಚರದ ಭಾಗ ಪಟವಾಗಿಯೇ ಉಳಿಯುತ್ತದೆ. ಕನಸಿನ ಭಾಗವು ಗೆರೆಯಾಗುತ್ತದೆ. ಕೊನೆಗೆ ಹಾಳೆಗಳನ್ನು ಸಂಖ್ಯೆಯ ಪ್ರಕಾರ ಒಂದೊಂದಾಗಿ ಮತ್ತೆ ಮೊಬೈಲಿನಲ್ಲಿ ಹಿಡಿದು ಜೋಡಿಸುತ್ತಾರೆ. ರಾಣೆಬೆನ್ನೂರಿನ ಒಬ್ಬಳ ಕಣ್ಣೊಳಗಿಂದ ಕೃಷ್ಣಮೃಗವೊಂದು ನೆಗೆಯಿತು. ಬ್ಯಾಡಗಿಯ ಒಬ್ಬನ ಕನಸು ಇಡಿಯಾಗಿ ಒಣಗಲು ಹರವಿದ ಮೆಣಸಿನಕಾಯಿಯ ಕೆಂಪಿನಲ್ಲಿಯೇ ನಡೆಯಿತು.

ಇದರಲ್ಲಿ ಮೊಬೈಲಿನ ಸೆಲ್ಫಿಗಿಂತ ಬೇರೆಯಾದದ್ದು ಏನು? ಕಾಲ. ಸೆಲ್ಫಿಯನ್ನು ತೆಗೆಯಲು ಒಂದು ಕ್ಷಣ ಸಾಕು. ಇಲ್ಲಿ ಬಾಲಕನು ತನ್ನ ಮುಖವನ್ನು ಎಂಬತ್ತು ಬಾರಿ ನೋಡಬೇಕು, ಎಂಬತ್ತು ಬಾರಿ ಬರೆಯಬೇಕು. ಹತ್ತನೆಯ ಹಾಳೆಯ ಹೊತ್ತಿಗೆ ಅಂದವಾಗಿ ಕಾಣಬೇಕೆಂಬ ಆಸೆ ತಗ್ಗಿ, ಇದ್ದಂತೆ ಕಾಣಬೇಕೆಂಬ ಶ್ರದ್ಧೆ ಮೂಡುವುದನ್ನು ನಾವು ಕಂಡೆವು. ನಮ್ಮ ಸಂಪ್ರದಾಯದಲ್ಲಿ ರಾತ್ರಿ ಮಲಗುವ ಮುನ್ನ ಮಾಡಬೇಕಾದ ಆತ್ಮಶೋಧನೆಗೂ ಇದಕ್ಕೂ ಬಹಳ ದೂರವಿಲ್ಲ.

ಸಂತ ಆಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಒಂದು ಪ್ರಾಮಾಣಿಕ ಸಂಶಯವನ್ನು ದೇವರ ಮುಂದೆ ಇಡುತ್ತಾರೆ. ಎಚ್ಚರದಲ್ಲಿ ತಾವು ತೊರೆದ ಹಳೆಯ ಬಯಕೆಗಳು ಕನಸಿನಲ್ಲಿ ಮರಳಿ ಬರುತ್ತವೆ. ಹಾಗಾದರೆ ಕನಸು ಕಾಣುವಾಗ ತಾವು ತಾವಾಗಿ ಇರುವುದಿಲ್ಲವೇ ಎಂಬುದು ಅವರ ಸಂಶಯ. ಎಚ್ಚರದವನೂ ನಿದ್ರಿಸುವವನೂ ಒಬ್ಬನೇ ಆಗಿದ್ದರೆ ಅವರಿಬ್ಬರನ್ನು ಕೂಡಿಸುವುದು ಯಾವುದು? ಕೆನಡಾದ ಪ್ರಸಿದ್ಧ ಅನಿಮೇಷನ್ ಕಲಾವಿದ ನಾರ್ಮನ್ ಮೆಕ್ಲಾರೆನ್ ಅವರು ಇದನ್ನೇ ಹೋಲುವ ಮಾತನ್ನು ತಮ್ಮ ಕಲೆಯ ಬಗ್ಗೆ ಹೇಳಿದ್ದಾರೆ: ಒಂದೊಂದು ಚಿತ್ರದಲ್ಲಿ ಏನಿದೆ ಎಂಬುದಕ್ಕಿಂತ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಏನು ನಡೆಯುತ್ತದೆ ಎಂಬುದು ಮುಖ್ಯ. ಮನುಷ್ಯನೂ ಒಂದೇ ಪಟದಲ್ಲಿ ಮುಗಿಯುವವನಲ್ಲ. ನಿನ್ನೆಯ ಹಾಳೆಯಿಂದ ಇಂದಿನ ಹಾಳೆಗೆ ಅವನು ಹೇಗೆ ಸರಿದನು ಎಂಬುದರಲ್ಲಿ ಅವನ ಪರಿಚಯವಿದೆ.

ಪವಿತ್ರ ಗ್ರಂಥದಲ್ಲಿ ಕನಸಿಗೆ ಗೌರವದ ಸ್ಥಾನವಿದೆ. ಯಕೋಬನು ಕಲ್ಲನ್ನು ತಲೆದಿಂಬಾಗಿಸಿಕೊಂಡು ಕಂಡ ಏಣಿ, ಮತ್ತಾಯನ ಶುಭಸಂದೇಶದಲ್ಲಿ ಸಂತ ಜೋಸೆಫರು ಕಂಡ ಕನಸುಗಳು ನಮಗೆ ತಿಳಿದವೇ. ದಿವಂಗತ ಪೋಪ್ ಫ್ರಾನ್ಸಿಸರು ಮಲಗಿರುವ ಸಂತ ಜೋಸೆಫರ ಪ್ರತಿಮೆಯೊಂದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದುದನ್ನು 2015ರ ಜನವರಿಯಲ್ಲಿ ಮನಿಲಾದಲ್ಲಿ ಕುಟುಂಬಗಳ ಮುಂದೆ ಹೇಳಿಕೊಂಡರು. ಆದರೆ ಸಿರಾಖನ ಗ್ರಂಥದ 34ನೆಯ ಅಧ್ಯಾಯವು ಕನಸನ್ನು ನಂಬಿ ಕೆಡಬೇಡಿರೆಂದು ಎಚ್ಚರಿಸುತ್ತದೆ. ಕನಸು ಭವಿಷ್ಯ ಹೇಳುವ ಪಂಚಾಂಗವಲ್ಲ. ಜೋಸೆಫರು ಕನಸಿನಲ್ಲಿ ಉಳಿಯಲಿಲ್ಲ, ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು.

ಇಲ್ಲಿ ಒಬ್ಬ ಬಾಲಕನ ಸಂಗತಿಯನ್ನು ಹೇಳಬೇಕು; ಊರೂ ಹೆಸರೂ ಬೇಡ. ಅವನ ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮನೆಯಲ್ಲಿ ಉಳಿದಿರುವುದು ಒಂದೇ ಒಳ್ಳೆಯ ಪಟ. ಸಂಬಂಧಿಕರೊಬ್ಬರು ಪ್ರೀತಿಯಿಂದಲೇ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಆ ಪಟವು ನಕ್ಕು ಮಾತನಾಡುವಂತೆ ಮಾಡಿಸಿಕೊಡುವುದಾಗಿ ಹೇಳಿದರು. ಹುಡುಗನು ಬೇಡವೆಂದನು. ಕಾರಣ ಕೇಳಿದಾಗ ನಮಗೆ ಹೇಳಿದ್ದು ಇಷ್ಟು: “ಅದು ಮಾತಾಡಿದ್ರ ಅಪ್ಪ ಮಾತಾಡಿದಂಗ ಆಗೂದಿಲ್ರಿ ಫಾದರ್. ಬ್ಯಾರೆ ಯಾರೋ ಬರದ ಮಾತು ಅಪ್ಪನ ಬಾಯಾಗ ಇಟ್ಟಂಗ ಆಗತೈತ್ರಿ.” ಅವನು ತನ್ನ ಕನಸನ್ನು ಬರೆದನು. ತಂದೆಯ ಪಟ ಹತ್ತು ಸೆಕೆಂಡೂ ಅಲುಗುವುದಿಲ್ಲ. ಇದ್ದಿಲಿನಲ್ಲಿ ಬರೆದ ಮಗನ ಕೈ ಮಾತ್ರ ನಿಧಾನವಾಗಿ ಬಂದು ಆ ಅಂಗಿಯ ಕಳಚಿದ ಗುಂಡಿಯನ್ನು ಹಾಕುತ್ತದೆ. ಅದನ್ನು ನೋಡಿದ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, “ಆ ಗುಂಡಿ ನಾನ ಹಚ್ಚಬೇಕಿತ್ತು” ಎಂದರು. ಆ ಮನೆಯಲ್ಲಿ ಅಂದು ರಾತ್ರಿ ತಂದೆಯ ಬಗ್ಗೆ ತಾಯಿ ಮಕ್ಕಳು ಮನಬಿಚ್ಚಿ ಮಾತನಾಡಿದರೆಂದು ಮುಂದೆ ತಿಳಿಯಿತು.

2025ರ ಮಾರ್ಚ್ ತಿಂಗಳಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ತಮ್ಮ ಪಟಗಳನ್ನು ಗಣಕಯಂತ್ರದಿಂದ ಮಾರ್ಪಡಿಸಿಕೊಳ್ಳುವ ಹುಚ್ಚು ಲೋಕವನ್ನೇ ಹಬ್ಬಿತು. ಅದನ್ನು ಆಟವೆಂದು ಆಡಿದರೆ ಕೇಡಿಲ್ಲ. ಆದರೆ ಯಂತ್ರಕ್ಕೆ ನಮ್ಮ ಮುಖ ಗೊತ್ತು, ನಮ್ಮ ಕನಸು ಗೊತ್ತಿಲ್ಲ. ಮೃತರ ವಿಷಯದಲ್ಲಂತೂ ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕುವ ಮುನ್ನ ಕುಟುಂಬದವರೆಲ್ಲ ಕೂತು ಯೋಚಿಸುವುದು ಒಳಿತು. ನೆನಪು ಸತ್ಯದ ಮೇಲೆ ನಿಲ್ಲಬೇಕಾದದ್ದು.

ತಂದೆತಾಯಂದಿರಲ್ಲಿ ನಮ್ಮ ವಿನಂತಿ ಮೂರು. ಮಕ್ಕಳು ಕನಸನ್ನು ಹೇಳುವಾಗ ಅದಕ್ಕೆ ಕೂಡಲೇ ಅರ್ಥ ಹಚ್ಚದೆ ಕೇಳಿಸಿಕೊಳ್ಳಿರಿ. ಅವರು ಬರೆದುದನ್ನು ಅವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಕಳುಹಿಸಬೇಡಿರಿ. ಕನಸು ಅವರ ಸ್ವಂತದ್ದು. ಮತ್ತೆ ಮತ್ತೆ ಒಂದೇ ಭಯದ ಕನಸು ಕಂಡು ಮಗು ನಿದ್ರೆಗೆಟ್ಟರೆ ಚಿತ್ರ ಬರೆಸುವುದರಲ್ಲಿಯೇ ನಿಲ್ಲದೆ ವೈದ್ಯರಿಗೆ ತೋರಿಸಿರಿ. ಬರುವ ನವೆಂಬರ್ 2ರ ಮೃತವಿಶ್ವಾಸಿಗಳ ಸ್ಮರಣೆಯ ಸಂಜೆ, ಒಪ್ಪಿಗೆ ಕೊಟ್ಟ ಮಕ್ಕಳ ಚಿತ್ರಗಳನ್ನು ಬಿಳಿಯ ಹಾಸಿಗೆವಸ್ತ್ರವೊಂದರ ಮೇಲೆ ತೋರಿಸಬೇಕೆಂದಿದ್ದೇವೆ. ಎಲ್ಲ ಚಿತ್ರಗಳೂ ಸೇರಿ ನಾಲ್ಕು ನಿಮಿಷವೂ ಆಗಲಾರದು. ಮನೆಮಂದಿಯೆಲ್ಲ ಬಂದು ನೋಡಿರಿ. ಮರಳಿ ಹೋಗುವಾಗ ಮಕ್ಕಳೊಡನೆ ಮಾತನಾಡುತ್ತ ಹೋಗಿರಿ.